ಹೊರಸೋ, ದಿವಾನೋ?



ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಆದರೆ ಮೇ ತಿಂಗಳಲ್ಲಿ ಯಾದಗಿರಿ, ಶಹಾಪುರ, ಸುರಪುರದ ಕಡೆ ಒಂದು ರಾತ್ರಿ ಕಳೆದವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. ಹಗಲಿನ ಉಷ್ಣತೆ 40 ಡಿಗ್ರಿ ದಾಟುವ ಸೀಮೆ ಇದು. ಕಲ್ಲಿನ ಗೋಡೆಗಳು ಹಗಲೆಲ್ಲ ಹೀರಿಕೊಂಡ ಶಾಖವನ್ನು ರಾತ್ರಿ ಮನೆಯೊಳಕ್ಕೆ ಬಿಡುತ್ತವೆ. ಇಂಥ ಕಡೆ ಯಾವುದರ ಮೇಲೆ ಮಲಗಬೇಕೆಂಬುದು ಬರೀ ಶೋಕಿಯ ಪ್ರಶ್ನೆಯಲ್ಲ.

ಇಲ್ಲಿಯ ಹಿರಿಯರು ಕಂಡುಕೊಂಡ ಉತ್ತರ ಹೊರಸು. ನಾಲ್ಕು ಕಾಲು, ಒಂದು ಚೌಕಟ್ಟು, ಅದಕ್ಕೆ ಹೆಣೆದ ಪುಂಡಿ ನಾರಿನ ಹಗ್ಗ ಅಥವಾ ನವಾರು. ಮೇಲೊಂದು ಕೌದಿ. ಸಂಜೆ ಅದನ್ನು ಅಂಗಳಕ್ಕೋ ಮಾಳಿಗೆಗೋ ಹೊತ್ತೊಯ್ದರೆ ಅಲ್ಲೇ ಮಲಗುವ ಕೋಣೆ.

ಈಗ ಎಷ್ಟೋ ಮನೆಗಳಲ್ಲಿ ಹೊರಸಿನ ಜಾಗಕ್ಕೆ ದಿವಾನು ಬಂದಿದೆ. ಬೆನ್ನೊರಗು ಇಲ್ಲದ, ಮೇಲೆ ಗಾದಿ, ಪಕ್ಕದಲ್ಲಿ ಲೋಡು, ಕೆಳಗೆ ಪೆಟ್ಟಿಗೆ ಇರುವ ಮಂಚ. ಇದರ ಹೆಸರಿನಲ್ಲೇ ಒಂದು ಕತೆ ಇದೆ. ಪಾರಸಿಯಿಂದ ಬಂದ ಈ ಪದಕ್ಕೆ ಮೊದಲು ಲೆಕ್ಕಪತ್ರದ ದಫ್ತರ ಎಂಬ ಅರ್ಥವಿತ್ತು. ಅನಂತರ ಅದು ಲೆಕ್ಕ ನೋಡುವ ಕಚೇರಿಯಾಯಿತು, ಸಭಾಂಗಣವಾಯಿತು, ಕೊನೆಗೆ ಸಭಾಂಗಣದ ಗೋಡೆಗುಂಟ ಹಾಕಿದ ಮೆತ್ತನೆಯ ಪೀಠವಾಯಿತು. 1860ರಲ್ಲಿ ಸುರಪುರ ನಿಜಾಮರ ಕೈಸೇರಿತು. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದವರಿಗೆ ದಿವಾನ ಎಂದರೆ ಮಂತ್ರಿ. ಅಂದರೆ ದಿವಾನು ಹುಟ್ಟಿದ್ದು ಕೂರುವುದಕ್ಕೆ. ಮಲಗುವುದು ಅದರ ಎರಡನೆಯ ಕೆಲಸ. ಇದನ್ನು ನೆನಪಿಟ್ಟುಕೊಂಡರೆ ಅದರ ಗುಣದೋಷಗಳು ತಾವಾಗಿಯೇ ತಿಳಿಯುತ್ತವೆ.

ಮೊದಲು ಗುಣಗಳನ್ನು ನೋಡೋಣ. ಚಿಕ್ಕ ಮನೆಯಲ್ಲಿ ಹಗಲು ಆಸನ, ರಾತ್ರಿ ಮಂಚ. ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಆಳದ ಪೆಟ್ಟಿಗೆ ಎಂದರೆ 18 ಘನ ಅಡಿ, ಸುಮಾರು 510 ಲೀಟರಿನಷ್ಟು ಜಾಗ. ಮನೆಯ ಕೌದಿ, ರಗ್ಗುಗಳೆಲ್ಲ ಅದರಲ್ಲಿ ಹಿಡಿಯುತ್ತವೆ. ಹಗ್ಗ ಸಡಿಲಾದ ಹೊರಸಿನಂತೆ ನಡುವೆ ಜೋಲುವುದಿಲ್ಲ. ಹಾಗೆಂದು ಹಲಗೆಯಷ್ಟು ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಹುಕಾಲದ ಸೊಂಟನೋವಿನ 313 ಜನರ ಮೇಲೆ ಸ್ಪೇನ್‌ನಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ಹೆಚ್ಚು ಆರಾಮ ಸಿಕ್ಕಿತು.

ಇನ್ನೊಂದು ಗುಣ ಜೀವಕ್ಕೇ ಸಂಬಂಧಿಸಿದ್ದು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಕಟ್ಟುಹಾವು ಕಚ್ಚುವುದುಂಟು. ನೋವು ಅಷ್ಟಾಗಿ ಇರದ ಕಾರಣ ಕಚ್ಚಿದ್ದು ತಿಳಿಯದೆಯೂ ಹೋಗಬಹುದು. ಚೇಳಿನ ಭಯ ಬೇರೆ. ಹೊರಸಾಗಲಿ ದಿವಾನಾಗಲಿ, ನೆಲದಿಂದ ಎತ್ತರದಲ್ಲಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುವುದು ದೊಡ್ಡ ರಕ್ಷಣೆ.

ಇನ್ನು ದೋಷಗಳು. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಒಂದು ಗ್ರಾಂ ಬೆವರು ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಹೊರಸಿನ ಹೆಣಿಗೆಯಲ್ಲಿ ಕೆಳಗಿನಿಂದಲೂ ಗಾಳಿ ಆಡಿ ಬೆವರು ಆರುತ್ತದೆ. ದಿವಾನಿನಲ್ಲಿ ಗಾದಿಯ ಕೆಳಗೆ ಹಲಗೆ, ಹಲಗೆಯ ಕೆಳಗೆ ಮುಚ್ಚಿದ ಪೆಟ್ಟಿಗೆ. ಬೆನ್ನಿನ ಬೆವರಿಗೆ ದಾರಿಯೇ ಇಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಮುಗ್ಗಲು ವಾಸನೆ; ಹೊಟ್ಟಿನ ಹಲಗೆಯಾದರೆ ನೀರು ತಾಗಿದಲ್ಲಿ ಉಬ್ಬುತ್ತದೆ. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿನ ಮುಚ್ಚಳವೊಂದೇ ಹದಿನೆಂಟು ಕಿಲೋದಷ್ಟು ತೂಗಬಹುದು. ಮಕ್ಕಳ ಕೈ ಸಿಕ್ಕಿಕೊಂಡರೆ ಅಪಾಯ. ಇಡೀ ದಿವಾನನ್ನು ಮಾಳಿಗೆಗೆ ಹೊರುವ ಮಾತಂತೂ ದೂರ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ನೆಲಕ್ಕೆ ಅಂಟಿದ ಪೆಟ್ಟಿಗೆಗಿಂತ, ಕೆಳಗೆ ಕಸಬರಿಗೆ ಆಡುವಷ್ಟು ಎತ್ತರದ ಕಾಲುಗಳಿರಲಿ. ಮೇಲೆ ಒಂದೇ ಹಲಗೆಯ ಬದಲು ಸಂದು ಬಿಟ್ಟು ಜೋಡಿಸಿದ ಪಟ್ಟಿಗಳಿರಲಿ. ಪೆಟ್ಟಿಗೆಗೂ ಗಾಳಿ ಆಡಲು ಜಾಲರಿ ಹೊದಿಸಿದ ರಂಧ್ರಗಳಿರಲಿ. ಬಿಸಿಲಿಗೆ ಹಾಕಬಹುದಾದ ಹತ್ತಿಯ ಗಾದಿ ಇರಲಿ. ಹತ್ತಿ ನಿಮ್ಮ ಹೊಲದ್ದೇ ಬೆಳೆ. ಕುಳಿತಾಗ ಅಜ್ಜಿಯ ಪಾದ ಪೂರ್ತಿ ನೆಲಕ್ಕೆ ಊರುವಂತಿರಲಿ.

ಅಜ್ಜಿಯ ಮಾತು ಬಂತು. ನಮ್ಮ ಸ್ಟುಡಿಯೋದ ಸೆಟ್ಟಿನಲ್ಲಿ ಹಾಕುವ ದಿವಾನಿನ ಮೇಲೆ ಯಾರೂ ಮಲಗುವುದಿಲ್ಲ, ಅದು ಕ್ಯಾಮೆರಾಕ್ಕಾಗಿ ಇರುವುದು. ಎಷ್ಟೋ ಮನೆಗಳಲ್ಲೂ ಹಾಗೆಯೇ ಆಗುತ್ತದೆ. ಹೊಸ ದಿವಾನು ಬರುತ್ತದೆ, ಹಳೆಯ ಹೊರಸು ದನದ ಕೊಟ್ಟಿಗೆ ಸೇರುತ್ತದೆ. ದಿವಾನಿನ ಮೇಲೆ ಕಸೂತಿಯ ಹೊದಿಕೆ ಹಾಸಿ ಬೀಗರು ಬಂದಾಗ ಕೂರಲಿ ಎಂದು ಇಡುತ್ತಾರೆ. ಅಷ್ಟು ದಿನ ಹೊರಸಿನ ಮೇಲೆ ಮಲಗುತ್ತಿದ್ದ ಅಜ್ಜಿ ನೆಲಕ್ಕೆ ಇಳಿಯುತ್ತಾಳೆ, ಚೇಳು ಹರಿದಾಡುವ ನೆಲಕ್ಕೆ. ಇದಕ್ಕಿಂತ ದುಬಾರಿಯ ಮಂಚ ಇನ್ನಾವುದಿದೆ?

ಆದ್ದರಿಂದ ದಿವಾನು ಬೇಕೆಂದರೆ ಧಾರಾಳವಾಗಿ ಕೊಳ್ಳಿ. ಆದರೆ ಹೊರಸನ್ನು ಹೊರಗೆ ಹಾಕಬೇಡಿ. ಹಗ್ಗ ಬಿಗಿದು ಬೇಸಿಗೆಗೆ ಇಟ್ಟುಕೊಳ್ಳಿ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಇಂದು ರಾತ್ರಿ ಇದರ ಮೇಲೆ ಮಲಗುವವರು ಯಾರು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಮನೆಯವರೆಲ್ಲರ ಕಾಲಿಗೂ ಹಾಸಿಗೆ ಇದೆಯೇ ಎಂದು ನೋಡುವುದು ಕಿರಿಯರಾದ ನಿಮ್ಮ ಕೆಲಸ.