ಮಕ್ಕಳ ಪ್ರಶ್ನೆಗೆ ಮನೆಯಲ್ಲೇ ಉತ್ತರ

ಕುವೈತ್‌ನಲ್ಲಿ ಶುಕ್ರವಾರ ವಾರದ ರಜೆ. ರಾಯ್‌ನ ಅವೆನ್ಯೂಸ್ ಮಾಲ್, ಅಲ್ಲಿನ ಶುಕ್ರವಾರದ ಸಂತೆ ಎರಡೂ ಜನರಿಂದ ತುಂಬುತ್ತವೆ. ಭಾನುವಾರ ಕೆಲಸದ ದಿನವಾದ್ದರಿಂದ ಚರ್ಚುಗಳಲ್ಲಿ ಹೆಚ್ಚು ಜನ ಸೇರುವುದೂ ಮಕ್ಕಳ ಧರ್ಮಶಿಕ್ಷಣ ನಡೆಯುವುದೂ ಅದೇ ಶುಕ್ರವಾರ. ಮಂಗಳೂರು, ಉಡುಪಿ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತ ತಂದೆತಾಯಿಗಳು ಇರುವ ರಜೆಯಲ್ಲೇ ಮಕ್ಕಳನ್ನು ಆ ತರಗತಿಗೆ ಕರೆದೊಯ್ಯುತ್ತಾರೆ, ಅದು ಮೆಚ್ಚುವಂಥದ್ದು. ಆದರೆ ಅಲ್ಲಿಗೆ ಹೊಣೆ ಮುಗಿಯುವುದಿಲ್ಲ. ಇಲ್ಲಿನ ಬಹುಪಾಲು ಭಾರತೀಯ ಮಕ್ಕಳು ಹನ್ನೆರಡನೇ ತರಗತಿ ಮುಗಿಸಿ ಊರಿಗೋ ಪರದೇಶಕ್ಕೋ ಓದಲು ಹೊರಡುತ್ತಾರೆ. ಹಾಸ್ಟೆಲಿನಲ್ಲಿ ಎಬ್ಬಿಸಿ ಪೂಜೆಗೆ ಕಳಿಸುವವರಿಲ್ಲ. ಅಷ್ಟರೊಳಗೆ ವಿಶ್ವಾಸ ಮಗುವಿನದೇ ಆಗಿರಬೇಕು.

ಅದನ್ನು ಮಗುವಿನದಾಗಿಸುವ ಶಕ್ತಿ ಮನೆಗಿದೆ. ಕರಾವಳಿಯ ಕ್ರೈಸ್ತರು 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದಾಗ ಅವರ ಊರಿನ ಬಹುತೇಕ ಚರ್ಚುಗಳು ನೆಲಸಮವಾಗಿದ್ದವು. ಆದರೂ ಬದುಕುಳಿದು ಮರಳಿದವರು ಮತ್ತೆ ಚರ್ಚು ಕಟ್ಟಿದರು. ಕಟ್ಟಡ ಬಿದ್ದರೂ ವಿಶ್ವಾಸ ಉಳಿಯುವುದು ಕುಟುಂಬ ಅದನ್ನು ಕಾಪಾಡಿಕೊಂಡಾಗ. ಸೆಪ್ಟೆಂಬರ್ 8ರ ಮೊಂತಿ ಹಬ್ಬವೂ ಹಾಗೆಯೇ: ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಅರ್ಪಿಸುತ್ತಾರೆ, ಹಬ್ಬದಂದು ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಅಲ್ಲಿ ಉಪದೇಶಕ್ಕಿಂತ ಮೊದಲು ಮಗುವಿನ ಕೈಗೆ ಕೆಲಸ ಸಿಗುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಚರ್ಚ್ ಎಂದು ಕರೆದದ್ದೂ ಇದೇ ಅರ್ಥದಲ್ಲಿ.

ಮಕ್ಕಳ ಮೇಲೆ ಧರ್ಮ ಹೇರುವುದೇಕೆ, ದೊಡ್ಡವರಾದ ಮೇಲೆ ಅವರೇ ಆರಿಸಿಕೊಳ್ಳಲಿ ಎನ್ನುವವರಿದ್ದಾರೆ. ಹೇರಿಕೆ ತಪ್ಪೇ, ಮಕ್ಕಳನ್ನು ಕೆರಳಿಸಿ ಎದೆಗುಂದಿಸಬೇಡಿ ಎಂದು ತಂದೆಯರನ್ನು ಎಚ್ಚರಿಸಿದವನು ಸ್ವತಃ ಸಂತ ಪೌಲ. ಆದರೆ ಮನೆ ಸುಮ್ಮನಿದ್ದರೆ ಮಗು ಖಾಲಿಯಾಗಿ ಉಳಿಯುವುದಿಲ್ಲ. ಯಾವುದು ಬೆಲೆಯುಳ್ಳದ್ದು ಎಂಬ ಪಾಠವನ್ನು ಮಾಲು, ಮೊಬೈಲು ದಿನವೂ ಹೇಳಿಕೊಡುತ್ತವೆ. ಎದುರಿಗೆ ಏನೂ ಇಡದೆ ಆರಿಸಿಕೋ ಎನ್ನುವುದು ಸ್ವಾತಂತ್ರ್ಯವಲ್ಲ. ಪಾಳಿ ಕೆಲಸದವರಿಗೆ ಸಮಯವೆಲ್ಲಿ ಎಂಬ ಮಾತು ಇನ್ನೂ ನಿಜ. ಆದರೆ ಬೈಬಲಿನ ಧರ್ಮೋಪದೇಶಕಾಂಡ ಕೇಳುವುದು ಬೇರೆ ಸಮಯವನ್ನಲ್ಲ. ಮನೆಯಲ್ಲಿ ಕೂತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ ಆಡುವ ಮಾತನ್ನು. ಊಟಕ್ಕೆ ಮೊದಲಿನ ಎರಡು ನಿಮಿಷದ ಪ್ರಾರ್ಥನೆ, ಕಾರಿನಲ್ಲಿ ಹೋಗುವಾಗಿನ ಮಾತುಕತೆ ಸಾಕು.

ಹದಿಹರೆಯದವರು ಪ್ರಶ್ನೆ ಕೇಳಿದರೆ ಹೆದರಬೇಕಾಗಿಲ್ಲ. ಹನ್ನೆರಡರ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳಿದ್ದನ್ನು ಸುವಾರ್ತೆಯೇ ಹೇಳುತ್ತದೆ. ಮಗ ದೇವರ ಬಗ್ಗೆ ಅನುಮಾನ ಆಡಿದಾಗ ಗದರಿಸಿದರೆ ಅವನು ಪ್ರಶ್ನೆಯನ್ನು ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತಾನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ, ಜೊತೆಗೆ ಕೂತು ಹುಡುಕೋಣ. ಮಾತಿನ ಉತ್ತರದಷ್ಟೇ ನಡತೆಯೂ ಮುಖ್ಯ: ಮನೆಕೆಲಸದವರೊಂದಿಗೆ, ಬೇರೆ ಧರ್ಮದ ನೆರೆಯವರೊಂದಿಗೆ ನಾವು ನಡೆದುಕೊಳ್ಳುವ ರೀತಿ ನಮ್ಮ ಪ್ರಾರ್ಥನೆಗೆ ಹೊಂದುತ್ತದೆಯೇ ಎಂದು ಮಕ್ಕಳು ಗಮನಿಸುತ್ತಲೇ ಇರುತ್ತಾರೆ. ಹೊಂದಿದರೆ, ದೂರದ ಊರಿನಲ್ಲೂ ವಿಶ್ವಾಸವನ್ನು ತಮ್ಮದೆಂದು ಹಿಡಿದುಕೊಳ್ಳಲು ಅವರಿಗೊಂದು ಕಾರಣವಿರುತ್ತದೆ.