ದಿನ ತಪ್ಪಿದಾಗ: ಎಣಿಕೆ, ಪರೀಕ್ಷೆ, ನಿಶ್ಚಯ

ಬರಬೇಕಾದ ದಿನಕ್ಕೆ ಮುಟ್ಟು ಬಾರದಿದ್ದರೆ ಹೆಣ್ಣಿನ ಮನಸ್ಸಿನಲ್ಲಿ ಏಳುವ ತಳಮಳ ಹೇಳತೀರದು. ಮಗುವನ್ನು ಬಯಸಿದವಳಿಗೆ ಅದು ಆಸೆ, ಬಯಸದವಳಿಗೆ ಆತಂಕ. ತವರಿನಲ್ಲಿದ್ದರೆ ತಾಯಿಯನ್ನೋ ಅಕ್ಕನನ್ನೋ ಕೇಳಬಹುದಿತ್ತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಪರಭಾಷೆಯಲ್ಲಿ ಇಂಥ ಮಾತನ್ನಾಡಲು ಸಂಕೋಚಪಟ್ಟು ವಾರಗಟ್ಟಲೆ ಸುಮ್ಮನಿರುವುದುಂಟು. ಈ ಮೌನದಲ್ಲಿ ಕಳೆದುಹೋಗುವ ದಿನಗಳು ಬೆಲೆಯುಳ್ಳವು ಎಂಬುದನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

ಮೊದಲು ಎಣಿಕೆಯ ವಿಚಾರ. ಸ್ರಾವ ಕಾಣಿಸಿಕೊಂಡ ದಿನವೇ ಋತುಚಕ್ರದ ಒಂದನೆಯ ದಿನ. ಅದು ನಿಂತ ದಿನವಲ್ಲ. ಅಲ್ಲಿಂದ ಮುಂದಿನ ಸ್ರಾವದ ಹಿಂದಿನ ದಿನದವರೆಗೆ ಒಂದು ಚಕ್ರ. ವಯಸ್ಕ ಸ್ತ್ರೀಯರಲ್ಲಿ ಈ ಚಕ್ರವು 21ರಿಂದ 35 ದಿನಗಳವರೆಗೆ ಇರುವುದು ಸಹಜ. ಅಂಡವು ಅಂಡಾಶಯದಿಂದ ಹೊರಬೀಳುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು.

ಜೂನ್ 1ರಂದು ಮುಟ್ಟಾದ ಇಬ್ಬರನ್ನು ತೆಗೆದುಕೊಳ್ಳೋಣ. ಒಬ್ಬಳದು 28 ದಿನಗಳ ಚಕ್ರ, ಇನ್ನೊಬ್ಬಳದು 35 ದಿನಗಳದು. ಮೊದಲನೆಯವಳಿಗೆ ಜೂನ್ 29ರಂದು ಮುಟ್ಟು ಬರಬೇಕು. ಎರಡನೆಯವಳಿಗೆ ಜುಲೈ 6ರಂದು. ಜೂನ್ 29ರಂದೇ ಎರಡನೆಯವಳು ಗಾಬರಿಗೊಂಡು ಪರೀಕ್ಷೆ ಮಾಡಿಕೊಂಡರೆ, ಆಕೆ ಬಸಿರಾಗಿದ್ದರೂ ಉತ್ತರ 'ಇಲ್ಲ' ಎಂದೇ ಬರಬಹುದು. ಏಕೆಂದರೆ, ಫಲಿತ ಅಂಡವು ಗರ್ಭಾಶಯದ ಒಳಪದರಕ್ಕೆ ಅಂಟಿಕೊಂಡ ಮೇಲೆಯೇ ಎಚ್.ಸಿ.ಜಿ. ಎಂಬ ಹಾರ್ಮೋನು ರಕ್ತದಲ್ಲಿ, ಅನಂತರ ಮೂತ್ರದಲ್ಲಿ ಕಾಣಿಸಿಕೊಳ್ಳುವುದು. ಪರೀಕ್ಷೆಯ ಪಟ್ಟಿಯು ಗುರುತಿಸುವುದು ಇದನ್ನೇ.

ಆದುದರಿಂದ ತನ್ನ ಚಕ್ರದ ಪ್ರಕಾರ ಮುಟ್ಟಿನ ದಿನ ತಪ್ಪಿದ ಮೇಲೆ, ಬೆಳಗಿನ ಮೊದಲ ಮೂತ್ರದಿಂದ ಪರೀಕ್ಷೆ ಮಾಡುವುದು ಲೇಸು. ಎರಡು ಗೆರೆ ಮೂಡಿದರೆ ಗರ್ಭ ನಿಂತಿದೆಯೆಂದು ತಿಳಿದು ವೈದ್ಯರನ್ನು ಕಾಣಬೇಕು. ನಿಯಂತ್ರಣದ ಗೆರೆಯೊಂದೇ ಇದ್ದು ಮುಟ್ಟೂ ಬಾರದಿದ್ದರೆ, ಒಂದು ವಾರದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ಪಟ್ಟಿಯು ಔಷಧದಂಗಡಿಗಳಲ್ಲಿ ದೊರೆಯುತ್ತದೆ. ಸರ್ಕಾರದ 'ನಿಶ್ಚಯ್' ಕಿಟ್ಟನ್ನು ಆಶಾ ಕಾರ್ಯಕರ್ತೆಯರ ಬಳಿ ಕೇಳಬಹುದು.

ದಿನ ತಪ್ಪಿದ ಮಾತ್ರಕ್ಕೆ ಬಸಿರೆಂದು ಹೇಳಲಾಗದು. ಮನಃಕ್ಲೇಶ, ತೂಕದ ಏರಿಳಿತ, ಥೈರಾಯ್ಡ್ ದೋಷ, ಅಂಡಾಶಯದ ಪಿ.ಸಿ.ಓ.ಎಸ್. ತೊಂದರೆ, ಮೊಲೆಯೂಡಿಸುವಿಕೆ, ಗರ್ಭನಿರೋಧಕ ಚುಚ್ಚುಮದ್ದು, ಮುಟ್ಟು ನಿಲ್ಲುವ ವಯಸ್ಸು, ಇವೂ ಕಾರಣವಾಗಬಲ್ಲವು. ಹಾಗೆಯೇ, ಅಲ್ಪ ಸ್ರಾವ ಕಂಡಿತೆಂದು ಬಸಿರಿಲ್ಲವೆಂದೂ ನಿರ್ಧರಿಸಬಾರದು. ಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ತಲೆಸುತ್ತು, ಭುಜದ ತುದಿಯ ನೋವು, ಸ್ರಾವ ಇವು ಕಾಣಿಸಿಕೊಂಡರೆ ಗರ್ಭವು ಡಿಂಬನಾಳದಲ್ಲಿ ನೆಲೆಗೊಂಡಿರಬಹುದು. ಅದು ಪ್ರಾಣಾಪಾಯ, ತಡಮಾಡದೆ ಆಸ್ಪತ್ರೆ ಸೇರಬೇಕು.

ಇನ್ನು ಬೇಗ ತಿಳಿಯುವುದೇಕೆ? ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. 28 ದಿನಗಳ ಚಕ್ರದವಳಿಗೆ ಮುಟ್ಟು ತಪ್ಪಿದ ದಿನವೇ 4 ವಾರ ತುಂಬಿರುತ್ತದೆ. ಅಲ್ಲಿಂದ ಹದಿನೈದು ದಿನಗಳೊಳಗೆ ಶಿಶುವಿನ ಮಿದುಳು, ಬೆನ್ನುಹುರಿಗಳ ಮೂಲವಾದ ನರನಾಳವು ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಮ್ಲವನ್ನು ದಿನಕ್ಕೆ 400 ಮೈಕ್ರೋಗ್ರಾಂನಂತೆ, ಸಾಧ್ಯವಾದರೆ ಬಸಿರಿಗೆ ಮೊದಲಿನಿಂದಲೇ ಸೇವಿಸಬೇಕು. ಮದ್ಯ, ತಂಬಾಕು ವರ್ಜ್ಯ. ನಿತ್ಯದ ಔಷಧಿಗಳನ್ನು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಮಗು ಬೇಡವೆನಿಸಿದವರಿಗೂ ಒಂದು ಮಾತು. 'ಮುಟ್ಟು ಬರಿಸುವ' ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗುವುದು ಅಪಾಯಕರ. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯು, 2021ರ ತಿದ್ದುಪಡಿಯಂತೆ, ಅದು ಹೇಳುವ ಕಾರಣಗಳಿಗಾಗಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಸುರಕ್ಷಿತ ಸೇವೆಗೆ ಅವಕಾಶವಿತ್ತಿದೆ. ವಯಸ್ಕ ಸ್ತ್ರೀಗೆ ಆಕೆಯ ಸ್ವಂತ ಒಪ್ಪಿಗೆ ಸಾಕು. ಗಂಡನ ಸಹಿ ಕಾನೂನಿನಂತೆ ಬೇಕಿಲ್ಲ. ವಿಷಯವನ್ನು ಗೋಪ್ಯವಾಗಿಡುವುದು ವೈದ್ಯರ ಹೊಣೆ. ಇಲ್ಲಿಯೂ ದಿನ ಕಳೆದಷ್ಟೂ ತೊಡಕು ಹೆಚ್ಚು.

ಸೋದರಿಯರೇ, ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಪ್ಪದೆ ಬರೆಯುವ ನಾವು, ನಮ್ಮ ಮೈಯ ಲೆಕ್ಕಕ್ಕೂ ಅಲ್ಲೊಂದು ಚುಕ್ಕೆ ಇಡೋಣ. ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಆ ಚುಕ್ಕೆಯೇ ಉತ್ತರ. ಭಾಷೆ ಬಾರದ ಊರಿನಲ್ಲಿಯೂ ತಾರೀಖನ್ನು ಬೆರಳಿಟ್ಟು ತೋರಿಸಬಹುದು.