ಬಾಗಿಲ ಬೆಳಕು
ಸೀರೆ ಅಂಗಡಿಗೆ ಹೋದಾಗ ನಮ್ಮಜ್ಜಿ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಗಾದಿಯ ಮೇಲೆ ಹರವಿದ ಇಳಕಲ್ ಸೀರೆಯನ್ನು ಎತ್ತಿಕೊಂಡು ಸೀದಾ ಬಾಗಿಲಿಗೆ ಬರುವರು. ಸೆರಗನ್ನು ಗದ್ದದ ಕೆಳಗೆ ಹಿಡಿದು, "ನೋಡು, ಹೆಂಗ ಕಾಣತೈತಿ?" ಎಂದು ನನ್ನನ್ನು ಕೇಳುವರು. "ಅವ್ವಾರ, ಒಳಗ ಕನ್ನಡಿ ಐತಲ್ರೀ" ಎಂದು ಅಂಗಡಿಯವರು ಕೂಗಿದರೆ, "ನಿನ್ನ ಟ್ಯೂಬ್‌ಲೈಟ್ ಸುಳ್ಳು ಹೇಳತೈತಪ್ಪಾ" ಎನ್ನುವರು.

ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ, ಸರಿ. ಪಕ್ಕದ ಬಣ್ಣವೂ ಕಣ್ಣಿಗೆ ಮೋಸ ಮಾಡುತ್ತದೆ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಷೆವ್ರಲ್ ಅವರಿಗೆ, ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿಲ್ಲ! ಪಕ್ಕದಲ್ಲಿದ್ದ ನೀಲಿ, ನೇರಳೆ ಎಳೆಗಳು ಅದು ಹಾಗೆ ಕಾಣುವಂತೆ ಮಾಡುತ್ತಿದ್ದವು. 1839ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದರು. ಉಡುಪು ಮತ್ತು ಮೈಬಣ್ಣದ ಮಾತೂ ಅದರಲ್ಲಿದೆ. ಹಸಿರು ಬಟ್ಟೆ ಪಕ್ಕದ ಮುಖದಲ್ಲಿ ತುಸು ಕೆಂಪೇರಿಸುತ್ತದೆ.

ನಮ್ಮ ಮನೆಗಳಲ್ಲಿ ಮಾತ್ರ ಒಂದೇ ಕಾನೂನು: ಕಪ್ಪಗಿದ್ದವರು ಗಾಢ ಬಣ್ಣ ಉಡಬಾರದು. ಯಾರು ಮಾಡಿದರೋ! ನಮ್ಮ ಚಿಕ್ಕಮ್ಮ ಎಣ್ಣೆಗಪ್ಪು. ವರ್ಷಗಟ್ಟಲೆ ಬೂದಿ ಬಣ್ಣ, ತೊಳೆದ ಗುಲಾಬಿ ಬಣ್ಣಗಳಲ್ಲೇ ಕಳೆದರು. ಒಂದು ದೀಪಾವಳಿಗೆ ಅಜ್ಜಿ ಹಟ ಹಿಡಿದು ದಾಳಿಂಬೆ ಕೆಂಪಿನ ಸೀರೆ ಉಡಿಸಿದರು. ಪಡಸಾಲೆಗೆ ಬಂದ ಚಿಕ್ಕಮ್ಮನ ಕೆನ್ನೆಯಲ್ಲಿ ತಾಮ್ರದ ಹೊಳಪು. ಚಿಕ್ಕಪ್ಪ ಪೇಪರ್ ಮಡಚಿಟ್ಟರು.

ಆ ಬೂದಿ ಬಣ್ಣದ ಸೀರೆ ಮುಂದೆ ಕೌದಿಯಾಯಿತು.